ಮುಡಿ ಕೇಳದ ಸಂತ

ಹಾಸನದ ಆಸ್ಪತ್ರೆಯಲ್ಲಿ ನನ್ನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನವೇ, ದುದ್ದದಿಂದ ಓಡಿಬಂದ ನಮ್ಮತ್ತೆ ಮನೆದೇವರಿಗೆ ಅವನ ಮುಡಿ ಕೊಡುವ ಹರಕೆ ಹೊತ್ತರು. ಔಷಧಿ ಶುರುವಾದ ಮೇಲೆ ಕೂದಲೆಲ್ಲ ದಿಂಬಿನ ಮೇಲೆ ಉದುರಿತು. ದೇವರಿಗೆ ಕೊಡಲು ಏನೂ ಉಳಿಯಲಿಲ್ಲ.

ಪಕ್ಕದ ಮಂಚದ ಹುಡುಗಿಯ ತಾಯಿ ಚರ್ಚಿಗೆ ಹೋಗುವವಳು. ಒಂದು ಮಧ್ಯಾಹ್ನ ನನ್ನ ಕೈಗೆ ಪುಟ್ಟ ಚಿತ್ರವೊಂದನ್ನು ಕೊಟ್ಟಳು. ಜೀನ್ಸ್ ಪ್ಯಾಂಟು, ಬೆನ್ನಿಗೆ ಬ್ಯಾಗು, ನಗುಮುಖ. ಯಾರದೋ ಮನೆಯ ಹೈಸ್ಕೂಲು ಹುಡುಗ ಅಂದುಕೊಂಡೆ.

"ಇವ್ರು ಸಂತರು ಕಣಕ್ಕ, ಪರದೇಶದೋರು. ಕಂಪ್ಯೂಟರ್ ಅಂದ್ರೆ ಪ್ರಾಣ. ದಿನಾ ಚರ್ಚಿಗೆ ಹೋಗೋರು, ಬೀದೀಲಿ ಮಲಗೋರಿಗೆ ಊಟ ಕೊಡೋರು. ಹದಿನೈದು ವರ್ಷಕ್ಕೇ ತೀರ್ಕೊಂಡ್ರು, ಇದೇ ಕಾಯಿಲೇಲಿ."

ನನಗೆ ಮೈಯೆಲ್ಲ ಉರಿಯಿತು. ತನ್ನನ್ನೇ ಉಳಿಸಿಕೊಳ್ಳದವನು ನನ್ನ ಮಗನನ್ನು ಉಳಿಸುತ್ತಾನಾ? ಆದರೂ ಬಾಯಿ ತಡೆಯಲಿಲ್ಲ. "ಇವರಿಗೆ ಏನು ಹರಕೆ ಹೊರಬೇಕು?" ಎಂದು ಕೇಳಿದೆ.

"ಇವ್ರಿಗೇನೂ ಬ್ಯಾಡ ಕಣಕ್ಕ. ಸುಮ್ನೆ ಕೇಳ್ಕೊಳ್ಳಿ."

ಆಗ ನಿಜವಾಗಿ ಹೆದರಿದೆ. ನಮ್ಮ ದೇವರಿಗಾದರೆ ಕೊಟ್ಟು ಕೇಳಬಹುದು, ಕೈಬಿಟ್ಟರೆ ಎದುರು ನಿಂತು ಬೈಯಬಹುದು. ಏನನ್ನೂ ಕೇಳದವನ ಜೊತೆ ಯಾವ ಬಾಯಲ್ಲಿ ಜಗಳ ಆಡುವುದು?

"ಇವರಮ್ಮನೂ ಹಿಂಗೇ ಕೇಳ್ಕೊಂಡಿದ್ರಾ?" ಎಂದೆ.

ಅವಳು ತನ್ನ ಮಗಳ ಹೊದಿಕೆ ಸರಿಮಾಡತೊಡಗಿದಳು.

ಚಿತ್ರವನ್ನು ಮಗನ ದಿಂಬಿನ ಕೆಳಗೆ ಇಟ್ಟೆ. ಕೈ ಮುಗಿದದ್ದು ಮಾತ್ರ ಆ ಹುಡುಗನಿಗಲ್ಲ, ಅವನನ್ನು ಹೆತ್ತವಳಿಗೆ.

"ನಿನ್ ಮಗನಿಗೆ ನೀನೇ ಒಂದ್ ಮಾತು ಹೇಳವ್ವ. ನನ್ ಮಗ ಸಂತ ಆಗೋದು ಬ್ಯಾಡ, ಮನೆಗೆ ಬಂದ್ರೆ ಸಾಕು."