ಹತ್ತೊಂಬತ್ತರ ಹಿರಿಯ

ನನಗೆ ಹತ್ತೊಂಬತ್ತು ತುಂಬಿದ ವರ್ಷ ಮೂರು ವಾರ ನಾನು ಪುಣೆಯ ನಮ್ಮ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಬಿಳಿ ಅಂಗಿ, ಟೈ, ಎದೆಗೊಂದು ಹೆಸರಿನ ಕಪ್ಪು ಬಿಲ್ಲೆ ಹಾಕಿಕೊಂಡು ಕೂತಿದ್ದೆ. ಕ್ಯಾಮೆರಾಕ್ಕೆ ಕಾಣದಿದ್ದರೂ ಬೂಟು ಹಾಕಲೇಬೇಕೆಂದು ನಾನೇ ತೀರ್ಮಾನಿಸಿದ್ದೆ. ಅಜ್ಜಿ ಅದಕ್ಕೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಆ ಬೂಟು ರಸ್ತೆಗೆ ತಾಗಕೂಡದು. ಹೀಗಾಗಿ ಮನೆಯೊಳಗೆ ಬೂಟು, ಹೊರಗೆ ಚಪ್ಪಲಿ ಎಂದಾಯಿತು.

ನಾನೂ ಅವ್ವನೂ ಕ್ರೈಸ್ತರಲ್ಲೇ ಮಾರ್ಮನ್ ಎಂಬ ಪಂಥದವರು. ನಾನು ಚಿಕ್ಕವನಿದ್ದಾಗ ಅವ್ವ ಕೆಲಸದ ಗೆಳತಿಯೊಬ್ಬಳ ಜೊತೆ ಒಂದು ಭಾನುವಾರ ಪ್ರಾರ್ಥನೆಗೆ ಹೋದವಳು ಆಮೇಲೆ ಬಿಡಲಿಲ್ಲ. ರಾಂಜಣಗಾಂವದ ಕಾರ್ಖಾನೆಯಲ್ಲಿದ್ದ ಅಪ್ಪ ಭಾನುವಾರ ನಮ್ಮನ್ನು ಪ್ರಾರ್ಥನಾಮಂದಿರದ ಗೇಟಿನ ತನಕ ಬಿಟ್ಟು, ಹೊರಗೆ ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಧಾರವಾಡದಿಂದ ಬಂದು ನಮ್ಮೊಡನಿದ್ದ ಅಜ್ಜಿ ತನ್ನ ದೇವರ ಜಗಲಿ ಬಿಟ್ಟವಳಲ್ಲ. ಈ ವಿಷಯಕ್ಕೆ ಮನೆಯಲ್ಲಿ ಜಗಳವಾದದ್ದು ನನಗೆ ನೆನಪಿಲ್ಲ. ಪಂಥದ ನಿಯಮವೆಂದು ಚಹಾ ಕುಡಿಯದ ಮೊಮ್ಮಗನ ಬಗ್ಗೆ ಮಾತ್ರ ಅವಳಿಗೆ ಕೊರಗಿತ್ತು.

ನಮ್ಮಲ್ಲಿ ಹುಡುಗರು ಎರಡು ವರ್ಷ ಮನೆ ಬಿಟ್ಟು ಧರ್ಮಪ್ರಚಾರದ ಸೇವೆಗೆ ಹೋಗುವುದು ವಾಡಿಕೆ. ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆದಿದ್ದರಿಂದ ನನ್ನನ್ನು ಬೆಂಗಳೂರಿಗೆ ಹಾಕಿದ್ದರು. ಹೊರಡುವ ಮುಂಚೆ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ ತರಬೇತಿ. ಮೊದಲ ದಿನವೇ ನನ್ನ ಅಡ್ಡಹೆಸರಿನ ಹಿಂದೆ ‘ಎಲ್ಡರ್’ ಸೇರಿಕೊಂಡಿತು. ಅಂದರೇನು ಎಂದು ಅಜ್ಜಿ ಕೇಳಿದಳು. ಹಿರಿಯ ಎಂದೆ.

“ಹತ್ತೊಂಬತ್ತಕ್ಕ ನೀ ಹಿರ್ಯಾ ಆದ್ಯೇನಪಾ? ಹಂಗಾದ್ರ ನಾ ಯಾರು?” ಎಂದಳು.

ಸೇವೆಗೆ ಹೋದವರು ಜೋಡಿಯಲ್ಲೇ ಇರಬೇಕು, ಒಬ್ಬರ ಕಣ್ಣಳತೆಯಿಂದ ಇನ್ನೊಬ್ಬರು ಹೊರಗೆ ಹೋಗಬಾರದು ಎಂಬ ನಿಯಮವಿದೆ. ನನಗೆ ಸಿಕ್ಕ ಜೊತೆಗಾರ ಆಂಧ್ರದ ಕಡಲ ಪಕ್ಕದ ಊರಿನವನು, ಬೆಂಗಳೂರಿಗೇ ಹೊರಟವನು, ಅವನೂ ತನ್ನ ಮನೆಯಲ್ಲೇ ಕೂತಿದ್ದ. ಆನ್‌ಲೈನಿನಲ್ಲಿ ಈ ನಿಯಮ ಪಾಲಿಸುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರೋ ಏನೋ. ನಾವಿಬ್ಬರೂ ಅತಿ ನಿಷ್ಠೆಯ ಹುಡುಗರು, ಕೇಳಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕರೆ ಕಟ್ ಮಾಡಲೇ ಇಲ್ಲ. ಸ್ನಾನಕ್ಕೆ ಹೋಗುವಾಗ ಹೇಳಿ ಹೋಗುತ್ತಿದ್ದೆವು. ಊಟಕ್ಕೆ ಕೂತರೆ ಅವನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ನಿಲ್ಲಿಸುತ್ತಿದ್ದೆ. ಕಾಯಿಪಲ್ಲೆ ತರಲು ಹೋದಾಗ ಫೋನನ್ನು ಅಂಗಿಯ ಜೇಬಿನಲ್ಲಿ ಕ್ಯಾಮೆರಾ ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದೆ. ಮೆಂತ್ಯದ ಸಿವುಡು ಎತ್ತಿದಾಗ ಅವನು ಜೇಬಿನೊಳಗಿಂದ ಹಿಂದಿಯಲ್ಲಿ, ಅದು ಬಾಡಿದೆ, ಬೇರೆ ತೆಗೆದುಕೋ ಎಂದ. ಮಾರುವ ಮಾವಶಿ ನನ್ನ ಎದೆಯನ್ನೇ ನೋಡುತ್ತ ಮರಾಠಿಯಲ್ಲಿ ಅವನೊಂದಿಗೆ ವಾದಕ್ಕಿಳಿದಳು.

ಎರಡನೆಯ ವಾರದ ಹೊತ್ತಿಗೆ ಅವನ ತಾಯಿಯೂ ನಮ್ಮವ್ವನೂ ಹರಕು ಹಿಂದಿಯಲ್ಲಿ ಮಾತಾಡಲು ಶುರುಮಾಡಿದ್ದರು. ಅವರು ಪುಂಡಿಪಲ್ಲೆ ಚಟ್ನಿಯ ಬಗ್ಗೆ ಮಾತಾಡುವಾಗ ನಾವಿಬ್ಬರೂ ಧರ್ಮಗ್ರಂಥ ಹಿಡಿದುಕೊಂಡು ಪರದೆ ಖಾಲಿಯಾಗುವುದನ್ನು ಕಾಯುತ್ತಿದ್ದೆವು.

ಕನ್ನಡದ ಪಾಠ ಹೇಳುವವನು ಅಮೆರಿಕದ ಯುವಕ. ಎರಡು ವರ್ಷ ಬೆಂಗಳೂರಿನಲ್ಲಿ ಸೇವೆ ಮಾಡಿ ಹೋದವನು, ಶ್ರದ್ಧೆಯಿಂದ ಕಲಿತಿದ್ದ. ನಾನು “ದೇವರಿಗೆ ನಮ್ಮ ಮ್ಯಾಲೆ ಭಾಳ ಪ್ರೀತಿ ಅದ” ಎಂದರೆ ಅವನು ಮೆಲ್ಲಗೆ ತಿದ್ದುತ್ತಿದ್ದ: “‘ಅದ’ ಅಲ್ಲ, ‘ಇದೆ’. ದಯವಿಟ್ಟು ಮತ್ತೊಮ್ಮೆ ಹೇಳಿ.” ಬಾಗಿಲಲ್ಲಿ ನಿಂತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಇದನ್ನು ಎರಡು ದಿನ ಸಹಿಸಿಕೊಂಡಳು. ಮೂರನೆಯ ದಿನ ಸೆರಗು ಹೊದ್ದು ಪರದೆಯ ಮುಂದೆ ಬಂದು, ಧಾರವಾಡದೊಳಗ ದೇವರು ‘ಅದಾನ’ ಅಂತಾನೇ ಅಂತೀವ್ರಿ, ಇಷ್ಟು ವರ್ಷ ಅವ ತಪ್ಪು ತಿಳ್ಕೊಂಡಿಲ್ಲ ಎಂದು ಹೇಳಿ ಹೋದಳು. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಧನ್ಯವಾದಗಳು ಅಜ್ಜಿ ಎಂದ. ನನ್ನನ್ನು ತಿದ್ದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮಾತೃಭಾಷೆಯಲ್ಲಿ ನನಗೆ ವಾರಕ್ಕೆ ಐದು ತಾಸು ಹೆಚ್ಚುವರಿ ಅಭ್ಯಾಸ ಗೊತ್ತುಮಾಡಿದರು.

ಮನೆಯವರ ಮುಂದೆ ಬೋಧನೆಯ ಅಭ್ಯಾಸವನ್ನೂ ಮಾಡಬೇಕಿತ್ತು. ಅಪ್ಪ ಶುರುವಾಗುವ ಮುಂಚೆಯೇ ಒಲ್ಲೆ ಎನ್ನುತ್ತಿದ್ದರು. ಅಜ್ಜಿ ಮೊದಲ ವಾಕ್ಯಕ್ಕೇ ಎಲ್ಲ ಒಪ್ಪಿಬಿಡುತ್ತಿದ್ದಳು. ಹೌದು, ದೇವರು ಇದ್ದಾನೆ, ಪ್ರಾರ್ಥನೆ ಕೇಳುತ್ತಾನೆ, ಇನ್ನು ಏಳು, ಊಟ ಮಾಡು. ನಲವತ್ತು ನಿಮಿಷದ ಪಾಠ ಒಂದೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು.

ಕೊನೆಯ ವಾರ ಪರೀಕ್ಷೆ. ಬೆಂಗಳೂರಿನ ಒಬ್ಬ ಅಪರಿಚಿತರು ವಿಡಿಯೋದಲ್ಲಿ ಬರುತ್ತಾರೆ, ಅವರಿಗೆ ನಾನು ಮೊದಲ ಪಾಠ ಹೇಳಬೇಕು, ಶಿಕ್ಷಕ ನೋಡುತ್ತಿರುತ್ತಾನೆ ಎಂದಿತ್ತು. ಹೇಳಿದ ಹೊತ್ತಿಗೆ ಅವರ ಕಡೆ ಕರೆಂಟು ಹೋಯಿತು. ಹತ್ತು ನಿಮಿಷ ಕಾದು ಶಿಕ್ಷಕ, ಮನೆಯವರಲ್ಲದ ಕನ್ನಡಿಗರು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಕೇಳುತ್ತಿರುವಾಗಲೇ ಬಾಗಿಲ ಬೆಲ್ ಆಯಿತು.

ಬಂದವರು ನಮ್ಮ ಕಟ್ಟಡದ ಕೆಳಗೆ ಉಡುಪಿ ಹೋಟೆಲು ನಡೆಸುತ್ತಿದ್ದ ಹಿರಿಯರು, ಸೊಸೈಟಿಯ ಕಾರ್ಯದರ್ಶಿ ಕೂಡ. ನೀರಿನ ಟಾಕಿ ತೊಳೆಸುವ ಕಾಗದಕ್ಕೆ ಸಹಿ ಬೇಕಿತ್ತು. ಅವರು ನನ್ನ ಬಿಳಿ ಅಂಗಿ, ಟೈ, ಬಿಲ್ಲೆ ನೋಡಿ ಮುಖ ಅರಳಿಸಿದರು.

“ಟ್ರೈನಿಂಗಾ ಮಾರಾಯ? ಯಾವ ಹೋಟೆಲು? ಲೋಣಾವಳಾದ್ದಾ?”

ಅಲ್ಲ ಎಂದು ವಿವರಿಸುವಷ್ಟರಲ್ಲಿ ಅವರು ಬಿಲ್ಲೆ ಓದಿದ್ದರು. ಹೋಟೆಲಿನಲ್ಲಿ ಕ್ಯಾಪ್ಟನ್ ಗೊತ್ತು, ಸ್ಟೂವರ್ಡ್ ಗೊತ್ತು, ಈ ಎಲ್ಡರ್ ಎಂತ ಪೋಸ್ಟು ಎಂದು ಕೇಳಿದರು. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈ ತೊಡೆಯ ಮೇಲಿಟ್ಟುಕೊಂಡು, ಕಲಿತಂತೆ ಶುರುಮಾಡಿದೆ: ದೇವರು ನಮ್ಮ ಪ್ರೀತಿಯ ತಂದೆ, ನಾವೆಲ್ಲರೂ ಅವನ ಮಕ್ಕಳು. ಅವರು ಪೂರ್ತಿ ಕೇಳಿ, ಮೊದಲು ನೀರು ಕೊಡಬೇಕಿತ್ತು ಎಂದರು. ಓಡಿಹೋಗಿ ನೀರು ತಂದೆ. ಕುಡಿದು, ಗಿರಾಕಿ ಕೂತ ಕೂಡಲೇ ಇಡೀ ಮೆನು ಒದರಬಾರದು, ಏನು ಬೇಕು ಅಂತ ಕೇಳಿ ಸುಮ್ಮನೆ ನಿಲ್ಲಬೇಕು ಎಂದೂ ಹೇಳಿದರು. ಪರದೆಯಲ್ಲಿ ಶಿಕ್ಷಕ ಏನೋ ಬರೆಯುತ್ತಿದ್ದ.

ನನಗೆ ಮುಂದಿನ ಸಾಲು ಮರೆತುಹೋಗಿತ್ತು. ನಡುವಿನಿಂದ ಒಂದು ಸಾಲು ಎತ್ತಿಕೊಂಡೆ: ಸತ್ತ ಮೇಲೂ ಕುಟುಂಬಗಳು ಎಂದೆಂದಿಗೂ ಒಟ್ಟಿಗಿರಬಹುದು. ಅವರು ಗ್ಲಾಸು ಕೆಳಗಿಟ್ಟರು.

“ಎಂದೆಂದಿಗೂ ಹೇಳಿದ್ರೆ, ಅಣ್ಣನೂ ಇರ್ತಾನಾ?”

ಇರಬಹುದು ಎಂದೆ.

“ಅವನಿಗೆ ಇದು ಗೊತ್ತುಂಟಾ?”

ನಾನು ಸುಮ್ಮನೆ ಕೂತೆ. ತಾಳ್ಮೆಯಿಂದಲ್ಲ, ಏನು ಹೇಳಬೇಕೆಂದು ಹೊಳೆಯದೆ. ಅವರೇ ಹೇಳತೊಡಗಿದರು. ಇಬ್ಬರೂ ಹುಡುಗರಾಗಿದ್ದಾಗ ಊರಿನಿಂದ ಬಂದು ಸ್ವಾರಗೇಟದ ಹತ್ತಿರ ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಮಲಗಿ ಬೆಳೆದದ್ದು, ಒಟ್ಟಿಗೆ ಈ ಹೋಟೆಲು ತೆರೆದದ್ದು, ಸಾಂಬಾರಿಗೆ ಬೆಲ್ಲ ಎಷ್ಟು ಎಂಬಲ್ಲಿಂದ ಶುರುವಾದ ಮಾತು ಹೆಚ್ಚಿ ಅಣ್ಣ ಬೇರೆಯಾದದ್ದು. ಅಣ್ಣನ ಹೋಟೆಲು ಎರಡು ರಸ್ತೆ ದಾಟಿದರೆ ಸಿಗುತ್ತದೆ. ಹನ್ನೊಂದು ವರ್ಷದಿಂದ ಇಬ್ಬರೂ ಮಾತಾಡಿಲ್ಲ. ಜೊತೆಗಾರ ಪರದೆಯ ಮೂಲೆಯಲ್ಲಿ ಅವರ ಕನ್ನಡ ಒಂದಕ್ಷರ ಅರ್ಥವಾಗದೆಯೂ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಅವರು ಎದ್ದು, ಅಜ್ಜಿಯ ಸಹಿ ಹಾಕಿಸಿಕೊಂಡು, ನಾಳೆಗೆ ಇವತ್ತೇ ನೀರು ತುಂಬಿಟ್ಟುಕೊಳ್ಳಿ ಎಂದು ಹೇಳಿ ಹೋದರು.

ನಾನು ಫೇಲಾದೆನೆಂದುಕೊಂಡೆ. ಶಿಕ್ಷಕ ಮಾತ್ರ, ಅವರ ಕನ್ನಡ ತನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅವರು ನಿಮ್ಮೊಂದಿಗೆ ಮನಸ್ಸು ಬಿಚ್ಚಿ ಪ್ರಾರ್ಥಿಸಿದ ರೀತಿ ಅದ್ಭುತವಾಗಿತ್ತು ಎಂದ. ಅದು ಪ್ರಾರ್ಥನೆಯಲ್ಲ, ಸಾಂಬಾರಿನ ಜಗಳ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಸಾಂಬಾರು ಎಂಬ ಪದಕ್ಕೆ ಬೇರೆ ಅರ್ಥವಿದೆಯೇ ಎಂದು ಅವನು ಕೇಳಿದ. ನಾನು ಪಾಸಾದೆ.

ಮರುದಿನ ಟಾಕಿ ತೊಳೆಯುತ್ತಿದ್ದರಿಂದ ನೀರು ಬರಲಿಲ್ಲ, ನಾವು ತುಂಬಿಡುವುದನ್ನು ಮರೆತಿದ್ದೆವು. ನಾನೇ ಹೊರಗಿನ ಅಂಗಡಿಯಿಂದ ಕ್ಯಾನು ಹೊತ್ತು ತರುವಾಗ ಹೋಟೆಲಿನವರು ಗಲ್ಲಾದಿಂದಲೇ ಕೈ ಎತ್ತಿದರು. ಅಣ್ಣನ ವಿಷಯ ಕೇಳಬೇಕೆನಿಸಿತು, ಧೈರ್ಯವಾಗಲಿಲ್ಲ. ಅವರು ನಮ್ಮ ಪ್ರಾರ್ಥನೆಗೆ ಎಂದೂ ಬರಲಿಲ್ಲ. ಅಣ್ಣನ ಹೋಟೆಲಿಗೆ ಹೋದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಬೆಂಗಳೂರಿನ ಬಸ್‌ನಿಲ್ದಾಣದಲ್ಲಿ ಜೊತೆಗಾರನನ್ನು ಮೊದಲ ಸಲ ಮುಖಾಮುಖಿ ಕಂಡೆ. ನನ್ನ ಭುಜಕ್ಕೆ ಬರುತ್ತಿದ್ದ. ಮೂರು ವಾರ ಎಚ್ಚರವಿದ್ದಷ್ಟೂ ಹೊತ್ತು ಒಟ್ಟಿಗಿದ್ದ ನಾವು ಕೈ ಕುಲುಕಿ, ಪ್ರಯಾಣ ಹೇಗಾಯಿತು ಎಂದು ಪರಸ್ಪರ ಕೇಳಿ, ಆಮೇಲೆ ನಾಚಿಕೊಂಡು ಬೇರೆ ಬೇರೆ ಕಡೆ ನೋಡುತ್ತ ನಿಂತೆವು.