ಮುಗಿಯದ ಪಂಕ್ತಿ

ಬರ್ರಿ, ಕುಂತ್ಕಳ್ರಿ, ನಾನು ಮಾನ ಕಳಕಂಡ ಕತೆ ಕೇಳ್ರಿ. ಎಮರ್ಜೆನ್ಸಿ ಅಂತಿದ್ರಲ್ಲ, ಆಗ ಮಗಳ ಸಂಬಂಧ ಮಾತಾಡಾಕೆ ಹೊಸದುರ್ಗದ ಕಡೆಯಿಂದ ಚಿತ್ರದುರ್ಗಕ್ಕೆ ಹೋಗಿದ್ದೆ. ಹೂಂ ಅನ್ನಾದು ಹುಡುಗನ ತಾಯಿ ಕೈಲಿತ್ತು. ಆಕೆ ಒಂದು ಹೋಟ್ಲಿಗೆ ನನ್ನ ಕರಕಂಡು ಹೋದ್ಲು. ಅಲ್ಲಿ ನಮಗೆ ಬೇಕಾದ್ದು ಕೇಳಂಗಿಲ್ಲ. ಪೂರಿ, ಪಲಾವು, ಪಾಯಸ ಎಲ್ಲಾ ಒಂದೇ ತಟ್ಟೇಲಿ ಬರ್ತೈತೆ.

ಉಂಡಾಯ್ತು. ಆಕೆ ಕೈ ತೊಳೆಯಾಕೆ ಎದ್ದೋದ್ಲು. ನಾನು ಏಳಲಿಲ್ಲ. ನಮ್ಮೂರಾಗೆ ಪಂಕ್ತೀಲಿ ಕುಂತ್ರೆ, ಸಾಲಿನ ಕೊನೇಲಿರೋರು ಉಂಡು ಮುಗಿಸೋತನಕ ಯಾರೂ ಏಳಂಗಿಲ್ಲ. ಇಲ್ಲಿ ನೋಡಿದ್ರೆ ಒಬ್ರು ಎದ್ರೆ ಇನ್ನೊಬ್ರು ಬಂದು ಕುಂತ್ಕತಾರೆ, ಸಾಲು ಮುಗಿಯಾದೇ ಇಲ್ಲ! ನನ್ನ ಎಂಜಲು ಕೈ ಒಣಗೋಯ್ತು.

"ಏಳಮ್ಮ, ಕುರ್ಚಿಗೆ ಬೇರು ಬಿಟ್ಟಿದೀಯೇನು?" ಅಂದ, ಜಾಗಕ್ಕೆ ಕಾಯ್ತಿದ್ದೋನು.

"ತಡಿಯಪ್ಪ, ಎಲ್ರದೂ ಆಗ್ಲಿ," ಅಂದೆ.

ಹೋಟ್ಲಿಗೆ ಹೋಟ್ಲೇ ನಕ್ಕಿತು. ಬಾಗ್ಲಲ್ಲಿ ನಿಂತಿದ್ದ ಆಕೆ ಮುಖ ತಿರುಗಿಸ್ಕಂಡ್ಲು. ಮಗಳ ಸಂಬಂಧ ಹೋಯ್ತು ಅನ್ಕಂಡು ಸೆರಗಿನಾಗೆ ಮುಖ ಮುಚ್ಕಂಡೆ.

ಆಕೆ ಹೂಂ ಅಂದ್ಲು, ಮದುವೆ ಆಯ್ತು ಬಿಡ್ರಿ. ಮಗಳಿಗೀಗ ಮೊಮ್ಮಕ್ಕಳು. ಬೀಗಿತಿ ತೀರ್ಕಂಡ್ಲು; ಇರೋತನಕ ನನ್ನ ಜತೆ ಉಣ್ಣಾಕೆ ಕುಂತ್ರೆ, ನಾನು ಏಳೋತನಕ ಕೈ ಒಣಗಿಸ್ಕಂಡು ಕುಂತಿರೋಳು. ಹೋಟ್ಲು ಬಟ್ಟೆ ಅಂಗಡಿ ಆಗೈತೆ. ನಾನು ಈಗ್ಲೂ ಅದರ ಮುಂದೆ ತಲೆ ತಗ್ಗಿಸ್ಕಂಡೇ ಹೋಗ್ತೀನಿ. ಒಳಗೆ ಸೀರೆ ಚೆನ್ನಾಗವೆ ಅಂತಾರೆ.