ಇನಾಸ ಸಿದ್ದಿಯ ಜೋಗುಳ

ಸ್ವೀಡನ್ನಿನ ಸೋಡರ್‌ಟೆಲ್ಯೆ ಪಟ್ಟಣದ ಲಾರಿ ಕಾರ್ಖಾನೆಯಲ್ಲಿ ದುಡಿಯುವ ಹಳಿಯಾಳದ ಇನಾಸ ಸಿದ್ದಿ, ಶನಿವಾರ ಬಂತೆಂದರೆ, ಆಫ್ರಿಕಾ ಮೂಲದವರು ಸೇರಿ ಕಟ್ಟಿಕೊಂಡ ಪುಟ್ಟ ಮ್ಯೂಸಿಯಂಗೆ ನಿದ್ದೆಯಲ್ಲಿ ನಡೆದಂತೆ ಹೋಗಿಬಿಡುತ್ತಾನೆ. ಗೋಡೆಯ ಹಳೆಯ ಫೋಟೊಗಳಲ್ಲಿ ಸೋದರತ್ತೆಯ ಹಣೆ, ಚಿಕ್ಕಪ್ಪನ ಕಿವಿ ಕಂಡು ಕೈಮುಗಿಯುತ್ತಾನೆ. ಆಮೇಲೆ ಬಂದವರನ್ನೆಲ್ಲ ನಿಲ್ಲಿಸಿ, ಆಫ್ರಿಕಾದಿಂದ ಬಂದ ಹಿರಿಯರ ಕಾಲದ, ಈಗ ಊರಲ್ಲಿ ಯಾರಿಗೂ ಅರ್ಥ ತಿಳಿಯದ ತನ್ನಜ್ಜಿಯ ಜೋಗುಳ ಹಾಡಿ, "ಇದು ನಿಮ್ಮ ಕಡೆ ಮಾತೇನ್ರಿ?" ಎನ್ನುತ್ತಾನೆ. ಗಾಂಬಿಯಾದವರನ್ನು, ಸೊಮಾಲಿಯಾದವರನ್ನು, ಕೊನೆಗೆ ಕಾಫಿಗೆಂದು ಬಂದ ಸ್ವೀಡನ್ನಿನ ಮುದುಕಿಯರನ್ನೂ ಬಿಟ್ಟಿಲ್ಲ. ಎಲ್ಲರೂ ಪಾಪ, ಕಣ್ಣು ಮುಚ್ಚಿ ಕೇಳಿ, ಇಲ್ಲವೆಂದು ತಲೆಯಾಡಿಸುತ್ತಾರೆ. ಮೊನ್ನೆ ಮೊಜಾಂಬಿಕ್‌ನ ತಾಯಿಯೊಬ್ಬಳು ಅಳುವ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಇನಾಸ ಹಾಡಿ ಮುಗಿಸಿ, ಅವಳನ್ನೂ ಅದನ್ನೇ ಕೇಳಿದ. "ನಂಗೂ ಅರ್ಥ ಆಗ್ಲಿಲ್ಲ," ಎಂದಳು ಆಕೆ ಮೆಲ್ಲಗೆ, "ಆದ್ರೆ ನಿಲ್ಲಿಸ್ಬೇಡಿ, ಇವಳಿಗೆ ನಿದ್ದೆ ಹತ್ತುತ್ತಾ ಇದೆ."